ಪರವೂರಿನಲ್ಲಿರುವ ತಂದೆ, ಮೌನಕ್ಕೆ ಜಾರಿದ ಮಗಳು: ಇದು ವಯಸ್ಸಿನ ಗುಣವೇ?

ಪ್ರಶ್ನೆ: ಎರಡನೇ_ಶನಿವಾರ

ಎಲ್ಲರಿಗೂ ನಮಸ್ಕಾರ. ನಾನು ರಾಷ್ಟ್ರೀಕೃತ ಬ್ಯಾಂಕೊಂದರಲ್ಲಿ ಅಧಿಕಾರಿ. ಕಲಬುರಗಿಗೆ ವರ್ಗವಾದಾಗ, ಮಗಳ ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಶಾಲೆ ಬದಲಿಸುವುದು ಬೇಡವೆಂದು ನಿರ್ಧರಿಸಿ ಹೆಂಡತಿ ಮತ್ತು ಮಗಳನ್ನು ದಾವಣಗೆರೆಯಲ್ಲೇ ಬಿಟ್ಟು ನಾನೊಬ್ಬನೇ ಇಲ್ಲಿಗೆ ಬಂದೆ. 2015ರ ಸೆಪ್ಟೆಂಬರ್‌ನಿಂದ ಬ್ಯಾಂಕುಗಳಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ ಇರುವುದರಿಂದ, ಶುಕ್ರವಾರ ರಾತ್ರಿ ಬಸ್ಸು ಹತ್ತಿದರೆ ತಿಂಗಳಿಗೆ ಎರಡು ಸಲವಾದರೂ ಮನೆಯಲ್ಲಿರಲು ಸಾಧ್ಯವಾಗುತ್ತದೆ.

ಮಗಳಿಗೆ ಈಗ ಹದಿನೈದು ವರ್ಷ. ದಸರಾ ರಜೆಯ ನಂತರ ಅವಳ ನಡವಳಿಕೆ ಬದಲಾಗಿದೆ. ಶಾಲೆಯ ಥ್ರೋಬಾಲ್ ತಂಡದಲ್ಲಿದ್ದವಳು ಆಟಕ್ಕೆ ಹೋಗುವುದನ್ನು ಬಿಟ್ಟಿದ್ದಾಳೆ. ದಿನವೂ ಮನೆಗೆ ಬರುತ್ತಿದ್ದ ಗೆಳತಿ ಬರುತ್ತಿಲ್ಲ. ತಟ್ಟೆಯಲ್ಲಿ ಅರ್ಧ ಊಟ ಉಳಿಯುತ್ತದೆ, ಸಣ್ಣ ಮಾತಿಗೂ ಸಿಡುಕುತ್ತಾಳೆ, ರಾತ್ರಿ ಒಂದು ಗಂಟೆಯವರೆಗೆ ಎಚ್ಚರವಿದ್ದು ಭಾನುವಾರ ಹನ್ನೊಂದಾದರೂ ಏಳುವುದಿಲ್ಲ. ಗಣಿತದಲ್ಲಿ ಯಾವಾಗಲೂ ಚೆನ್ನಾಗಿ ಮಾಡುತ್ತಿದ್ದವಳ ಅಂಕ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಕುಸಿದಿದೆ. ಏನಾಯಿತೆಂದು ಕೇಳಿದರೆ “ಏನಿಲ್ಲ ಅಪ್ಪಾ” ಎನ್ನುತ್ತಾಳೆ. ಮತ್ತೆ ಕೇಳಿದರೆ ಎದ್ದು ಕೋಣೆಗೆ ಹೋಗುತ್ತಾಳೆ.

ನನ್ನ ಹೆಂಡತಿಯ ಪ್ರಕಾರ ಈ ವಯಸ್ಸಿನ ಹೆಣ್ಣುಮಕ್ಕಳು ಹೀಗೆಯೇ ಇರುತ್ತಾರೆ. ತಿಂಗಳಿಗೆರಡು ದಿನ ಬಂದು ಕೆದಕುವುದಕ್ಕಿಂತ ಅವಳ ವಿಷಯವನ್ನು ತನಗೆ ಬಿಡುವುದು ಮೇಲು ಎನ್ನುತ್ತಾಳೆ. ಅಣ್ಣನದು ಒಂದೇ ಮಾತು: ಮೊದಲು ಮೊಬೈಲ್ ಕಿತ್ತುಕೊಳ್ಳಬೇಕು. ಇವುಗಳಲ್ಲಿ ಯಾವುದು ವಯಸ್ಸಿನ ಸಹಜ ಗುಣ, ಯಾವುದನ್ನು ಗಂಭೀರವಾಗಿ ನೋಡಬೇಕು ಎಂಬುದು ನನಗೆ ತಿಳಿಯಬೇಕಿದೆ. ಜೊತೆಗೆ, ದೂರದಲ್ಲಿರುವ ತಂದೆಯಿಂದ ಇಂಥ ಸಮಯದಲ್ಲಿ ನಿಜವಾಗಿಯೂ ಆಗಬಹುದಾದದ್ದು ಏನಾದರೂ ಇದೆಯೇ ಎಂಬುದನ್ನು ಅನುಭವವಿದ್ದವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಧಾರವಾಡದ_ಸಮಾಜಕಾರ್ಯಕರ್ತೆ

ಸರ್, ನಾನು ಮನೋವೈದ್ಯಕೀಯ ಸಮಾಜಕಾರ್ಯ ಕ್ಷೇತ್ರದಲ್ಲಿರುವವಳು. ಮಗುವನ್ನು ನೋಡದೆ ಏನನ್ನೂ ನಿರ್ಣಯಿಸಲಾಗದು. ಆದರೆ ನೀವು ಬರೆದಿರುವ ಸಂಗತಿಗಳನ್ನು ಬಿಡಿಸಿ ನೋಡಬಹುದು.

ನಿದ್ರೆಯ ವಿಷಯವನ್ನು ಮೊದಲು ಪಕ್ಕಕ್ಕಿಡೋಣ. ಹದಿಹರೆಯದಲ್ಲಿ ನಿದ್ರೆ ಬರಿಸುವ ಮೆಲಟೋನಿನ್ ಎಂಬ ಹಾರ್ಮೋನು ರಾತ್ರಿ ತಡವಾಗಿ ಸ್ರವಿಸತೊಡಗುತ್ತದೆ. ಆದ್ದರಿಂದ ಹತ್ತು ಗಂಟೆಗೆ ಮಲಗೆಂದರೂ ಅವರಿಗೆ ನಿದ್ರೆ ಹತ್ತುವುದಿಲ್ಲ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ರೆ ಬೇಕು. ಬೆಳಿಗ್ಗೆ ಟ್ಯೂಷನ್, ಆಮೇಲೆ ಶಾಲೆ, ಸಂಜೆ ವಿಶೇಷ ತರಗತಿ ಎಂದು ವಾರವಿಡೀ ಓಡುವ ಹತ್ತನೇ ತರಗತಿಯ ಮಗು ಭಾನುವಾರ ಹನ್ನೊಂದರವರೆಗೆ ಮಲಗಿದರೆ, ಬ್ಯಾಂಕಿನವರಾದ ನಿಮಗೆ ಅರ್ಥವಾಗುವಂತೆ ಹೇಳುವುದಾದರೆ, ಅದು ಬಾಕಿ ಉಳಿದ ಕಂತು ಕಟ್ಟುತ್ತಿದೆಯಷ್ಟೆ. ಕೋಣೆಯ ಬಾಗಿಲು ಹಾಕಿಕೊಳ್ಳುವುದು, ತಂದೆತಾಯಿಗಿಂತ ಗೆಳೆಯರ ಮಾತಿಗೆ ಹೆಚ್ಚು ಬೆಲೆ ಕೊಡುವುದು ಕೂಡ ವಯಸ್ಸಿನ ಗುಣಗಳೇ.

ನನ್ನ ಗಮನ ಸೆಳೆದದ್ದು ಬೇರೆ. ಇಷ್ಟಪಟ್ಟು ಆಡುತ್ತಿದ್ದ ಆಟವನ್ನು ಬಿಟ್ಟದ್ದು, ಗೆಳತಿ ದೂರವಾದದ್ದು, ಊಟ ಕಡಿಮೆಯಾದದ್ದು, ಓದಿನಲ್ಲಿ ಇಳಿದದ್ದು, ಇವೆಲ್ಲ ಒಂದೇ ಅವಧಿಯಲ್ಲಿ ಬಂದು ಹೋಗದೆ ನಿಂತಿವೆ. ಹದಿಹರೆಯದವರಲ್ಲಿ ಖಿನ್ನತೆಯೆಂದರೆ ಅಳುತ್ತ ಕೂರುವುದೇ ಆಗಬೇಕಿಲ್ಲ. ಅದು ಸಿಡುಕಾಗಿಯೂ ಕಾಣಿಸಿಕೊಳ್ಳುತ್ತದೆ, ಮನೆಯವರು ಅದನ್ನು ಕೊಬ್ಬು ಎಂದು ತಿಳಿಯುತ್ತಾರೆ. ಇಂಥ ಲಕ್ಷಣಗಳು ಎರಡು ವಾರಕ್ಕೂ ಹೆಚ್ಚು ಕಾಲ ದಿನದ ಬಹುಪಾಲು ಹೊತ್ತು ಉಳಿದರೆ ವೈದ್ಯರಿಗೆ ತೋರಿಸಬೇಕು. ಇದು ಅಪರೂಪದ ಸಂಗತಿಯೂ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇರುವುದು ಕಂಡುಬಂದಿತ್ತು. ಮಹಾನಗರಗಳಲ್ಲಿ ಆ ಪ್ರಮಾಣ ಶೇ. 13.5ರಷ್ಟಿತ್ತು.

ಮೊದಲ ಹೆಜ್ಜೆಯಾಗಿ ನಿಮ್ಮ ಕುಟುಂಬ ವೈದ್ಯರ ಬಳಿ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿರಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 59ರಷ್ಟು ಮಂದಿಗೆ ರಕ್ತಹೀನತೆಯಿದೆ. ಸುಸ್ತು, ಹಸಿವಿಲ್ಲದಿರುವುದು, ಓದಿನಲ್ಲಿ ಮನಸ್ಸು ನಿಲ್ಲದಿರುವುದು ಅದರಿಂದಲೂ ಆಗಬಹುದು. ಹಾಗೆಂದು ರಕ್ತಪರೀಕ್ಷೆ ಸರಿಯಾಗಿ ಬಂದರೆ “ಏನೂ ಇಲ್ಲ” ಎಂದು ಮುಗಿಸಿಬಿಡಬಾರದು.

ಇನ್ನೊಂದು ಮಾತು ಹೇಳಲೇಬೇಕು. ನಿಮ್ಮಿಬ್ಬರಲ್ಲಿ ಅವಳಿಗೆ ಹತ್ತಿರವಿರುವವರು “ಒಮ್ಮೊಮ್ಮೆ ಬದುಕೇ ಬೇಡ ಅನ್ನಿಸುತ್ತದೆಯೇ ಮಗಳೇ?” ಎಂದು ನೇರವಾಗಿ, ಗದರದೆ ಕೇಳಬೇಕು. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಬಹಳ ಮನೆಗಳಲ್ಲಿದೆ. ಅದು ನಿಜವಲ್ಲ, ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ. ಉತ್ತರ ಹೌದೆಂದು ಬಂದರೆ ಅವಳನ್ನು ಒಂಟಿಯಾಗಿ ಬಿಡದೆ, ಮನೆಯಲ್ಲಿರುವ ಮಾತ್ರೆಗಳಿಗೆ ಬೀಗ ಹಾಕಿ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲುರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಪೋಷಕರೂ ಕರೆ ಮಾಡಬಹುದು. ಕಲಬುರಗಿಯ ಕೋಣೆಯಿಂದ ಇವತ್ತು ರಾತ್ರಿಯೇ ನೀವು ಮಾಡಬಹುದಾದ ಕೆಲಸವಿದು.

ಉತ್ತರ: ಶಿರಸಿ_ಮೇಡಂ

ಪ್ರೌಢಶಾಲೆಯ ಶಿಕ್ಷಕಿಯಾಗಿ ಬಹಳ ವರ್ಷಗಳಿಂದ ಎಂಟರಿಂದ ಹತ್ತನೇ ತರಗತಿಯ ಮಕ್ಕಳನ್ನು ನೋಡುತ್ತಿದ್ದೇನೆ. ಮೇಲಿನ ಮೇಡಂ ವೈದ್ಯಕೀಯ ಸಂಗತಿಗಳನ್ನು ಹೇಳಿದ್ದಾರೆ. ನಾನು ತರಗತಿಯಲ್ಲಿ ಕಾಣುವುದನ್ನು ಹೇಳುತ್ತೇನೆ.

ದಿನವೂ ಬರುತ್ತಿದ್ದ ಗೆಳತಿ ಬರುವುದನ್ನು ನಿಲ್ಲಿಸಿದ್ದಾಳೆ ಎಂಬ ನಿಮ್ಮ ವಾಕ್ಯವನ್ನು ಎರಡು ಸಲ ಓದಿದೆ. ಹೆಣ್ಣುಮಕ್ಕಳ ನಡುವಿನ ಜಗಳದಲ್ಲಿ ಕೈ ಎತ್ತುವುದು ಕಡಿಮೆ. ಗುಂಪಿನಿಂದ ಹೊರಗಿಡುವುದು ಹೆಚ್ಚು. ನಾಲ್ವರು ಸೇರಿ ಹೊಸದೊಂದು ವಾಟ್ಸಾಪ್ ಗುಂಪು ಮಾಡಿಕೊಂಡು ಐದನೆಯವಳನ್ನು ಬಿಟ್ಟರೆ, ಮಾರನೆಯ ದಿನದ ಊಟದ ಬಿಡುವಿನಲ್ಲಿ ಅವಳಿಗೆ ಕೂರಲು ಜಾಗವಿರುವುದಿಲ್ಲ. ಅದೇ ಗೆಳತಿಯರು ಥ್ರೋಬಾಲ್ ತಂಡದಲ್ಲಿಯೂ ಇದ್ದರೆ ಆಟ ಬಿಟ್ಟದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಇದು ನನ್ನ ಊಹೆ ಮಾತ್ರ. ಆದರೆ ತರಗತಿ ಶಿಕ್ಷಕಿಗೆ ಇದು ಗೊತ್ತಿರುತ್ತದೆ, ಕೇಳಿದವರಿಗೆ ಹೇಳುತ್ತಾರೆ. ದಯವಿಟ್ಟು ಕೇಳಿರಿ. ಪೋಷಕರ ಸಭೆಗೆ ತಾಯಂದಿರು ಬರುತ್ತಾರೆ, ತಂದೆಯರು ಅಂಕ ಕಡಿಮೆಯಾದಾಗ ಮಾತ್ರ ಬರುತ್ತಾರೆ ಎಂಬುದು ನಮ್ಮ ಶಿಕ್ಷಕರ ಕೊಠಡಿಯ ಹಳೆಯ ಮಾತು.

ಇಲ್ಲಿ ಯಾರೂ ಹೇಳದ ಸಂಗತಿಯೊಂದಿದೆ. ನಮ್ಮ ಮನೆಗಳಲ್ಲಿ ಮಗಳು ದೊಡ್ಡವಳಾದ ದಿನದಿಂದ ಅಪ್ಪ ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ. ಅದುವರೆಗೆ ಬೈಕಿನ ಮುಂದೆ ಕೂರಿಸಿಕೊಂಡು ಊರೆಲ್ಲ ಸುತ್ತಿಸಿದವನು, ಆರತಿ ಮುಗಿದ ಮೇಲೆ ಮಗಳ ತಲೆ ಸವರಲೂ ಸಂಕೋಚಪಡುತ್ತಾನೆ. ಯಾರೂ ಅವನಿಗೆ ಹೀಗಿರು ಎಂದು ಹೇಳಿರುವುದಿಲ್ಲ. ಅದು ಮರ್ಯಾದೆಯೆಂದು ಅವನು ತಿಳಿದಿರುತ್ತಾನೆ. ಆದರೆ ಮಗಳು ಅದನ್ನು ಹಾಗೆ ಓದಿಕೊಳ್ಳುವುದಿಲ್ಲ. ತನ್ನ ಮೈ ಬದಲಾದದ್ದರಿಂದ ಅಪ್ಪನಿಗೆ ತಾನು ಬೇಡವಾದೆ ಎಂದು ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಪ್ರಬಂಧದ ವಹಿಯ ಕೊನೆಯ ಪುಟದಲ್ಲಿ ಬರೆದದ್ದನ್ನು ನಾನು ಓದಿದ್ದೇನೆ. ಆಮೇಲೆ ಮನೆಯ ಎಲ್ಲ ಮಾತೂ ಅಮ್ಮನ ಮೂಲಕ ಹೋಗತೊಡಗುತ್ತದೆ. “ಅಪ್ಪನಿಗೆ ಹೇಳ್ತೀನಿ ನೋಡು” ಎಂಬುದೇ ಅಪ್ಪನ ಬಗ್ಗೆ ಮಗು ಅತಿ ಹೆಚ್ಚು ಸಲ ಕೇಳುವ ವಾಕ್ಯವಾಗುತ್ತದೆ. ಹೆಂಡತಿ “ಅವಳ ವಿಷಯ ನನಗೆ ಬಿಡಿ” ಎಂದಿದ್ದಾರೆ ಎಂದಿರಿ; ಅವರು ನಿಮ್ಮನ್ನು ದೂರವಿಡುತ್ತಿದ್ದಾರೆಂದು ತಿಳಿಯಬೇಡಿ. ವಾರದ ಹೊರೆಯೆಲ್ಲ ಒಬ್ಬರೇ ಹೊರುತ್ತಿರುವವರು ಶನಿವಾರ ಬರುವ ಪ್ರಶ್ನೆಗಳಿಗೆ ಕೊಡುವ ಉತ್ತರ ಅದು. ಮೊದಲು ಅವರು ಹೇಗಿದ್ದಾರೆಂದು ಕೇಳಿರಿ.

ಪರೀಕ್ಷೆಯ ಭಯವೂ ಸೇರಿಕೊಂಡಿರಬಹುದು. 2024ರಿಂದ ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಒಂದರಲ್ಲಿ ಅಂಕ ಕಡಿಮೆಯಾದರೆ ಮುಂದಿನದರಲ್ಲಿ ಹೆಚ್ಚಿಸಿಕೊಳ್ಳಬಹುದು, ಉತ್ತಮವಾದದ್ದು ಉಳಿಯುತ್ತದೆ. ಮಕ್ಕಳಿಗೆ ಇದು ಗೊತ್ತು, ಮನೆಯವರು ಮಾತ್ರ ಮಾರ್ಚಿಗೆ ಲೋಕವೇ ಮುಗಿಯುತ್ತದೆ ಎಂಬಂತೆ ಮಾತನಾಡುತ್ತಾರೆ. ತಂದೆಯ ಬಾಯಿಂದ “ಇದೊಂದೇ ಅಲ್ಲ, ಎರಡನೆಯದೂ ಇದೆ” ಎಂಬ ಮಾತು ಬಂದರೆ ಅದರ ತೂಕವೇ ಬೇರೆ.

ಉತ್ತರ: ಹಳೇ_ಮೈಸೂರಿನವ

ಎಪ್ಪತ್ತು ದಾಟಿದವನ ಮಾತೆಂದು ಬದಿಗಿಡದೆ ಓದಬೇಕೆಂದು ವಿನಂತಿ. ನಮ್ಮ ತಂದೆ ನಮ್ಮೊಡನೆ ಮಾತನಾಡುತ್ತಲೇ ಇರಲಿಲ್ಲ. ಅವರು ಜಗಲಿಯಲ್ಲಿದ್ದರೆ ನಾವು ಹಿತ್ತಲಿನಲ್ಲಿರುತ್ತಿದ್ದೆವು. ಆರು ಮಕ್ಕಳಲ್ಲಿ ಯಾರೂ ಆಸ್ಪತ್ರೆಗೆ ಹೋಗಲಿಲ್ಲ. ಈಗ ಮಗು ಎರಡು ದಿನ ಮುಖ ಊದಿಸಿಕೊಂಡರೆ ಮನೋವೈದ್ಯರ ವಿಳಾಸ ಹುಡುಕುವ ಕಾಲ ಬಂದಿದೆ, ಇದು ನನಗೆ ಒಪ್ಪಿಗೆಯಾಗುವುದಿಲ್ಲ.

ಆದರೆ ನಾನು ಹೇಳಹೊರಟದ್ದು ಅದಷ್ಟೇ ಅಲ್ಲ. ತಂದೆ ಮಾತನಾಡದಿದ್ದರೂ ನಾವು ಕೆಡಲಿಲ್ಲ ಎಂದು ನನ್ನ ವಯಸ್ಸಿನವರು ಹೇಳುವಾಗ ಒಂದು ಸಂಗತಿಯನ್ನು ಬಿಟ್ಟುಬಿಡುತ್ತಾರೆ. ನಮ್ಮ ಮನೆಯಲ್ಲಿ ಅಜ್ಜಿಯಿದ್ದರು, ಚಿಕ್ಕಪ್ಪನಿದ್ದರು, ಬೇಸಿಗೆ ಬಂದರೆ ಸೋದರಮಾವನ ಮನೆಯಿತ್ತು. ಪಿಯುಸಿಯಲ್ಲಿ ನಾನು ಫೇಲಾದಾಗ ತಂದೆಗೆ ಹೇಳಿದವರು ಮಾವ, ಅವರ ಬೈಗುಳ ತಿಂದವರೂ ಮಾವ. ನಾನು ಬಾಗಿಲ ಹಿಂದೆ ನಿಂತಿದ್ದೆ. ಈಗಿನ ಮಕ್ಕಳು ದುರ್ಬಲರಾಗಿದ್ದಾರೆಂದು ನನಗನ್ನಿಸುವುದಿಲ್ಲ, ಮನೆ ಖಾಲಿಯಾಗಿದೆ. ದಾವಣಗೆರೆಯ ಆ ಮನೆಯಲ್ಲಿ ಇರುವವರು ಇಬ್ಬರು. ಒಬ್ಬರ ಮೇಲೆ ಕೋಪ ಬಂದರೆ ಆ ಮಗು ಹೋಗುವುದೆಲ್ಲಿಗೆ? ಕೋಣೆಗೆ ಹೋಗುತ್ತದೆ, ಮೊಬೈಲಿಗೆ ಹೋಗುತ್ತದೆ. ಆದ್ದರಿಂದ ನಿಮ್ಮ ಅಣ್ಣ ಹೇಳಿದಂತೆ ಅದನ್ನು ಕಿತ್ತುಕೊಳ್ಳುವ ಮೊದಲು, ಅದರ ಬದಲಿಗೆ ಯಾರನ್ನು ಕೊಡುತ್ತೀರಿ ಎಂದು ಯೋಚಿಸಿ. ಅವಳಿಗೆ ಹಿಡಿಸುವ ಸೋದರತ್ತೆಯೋ ಚಿಕ್ಕಮ್ಮನೋ ಇದ್ದರೆ ನಾಲ್ಕು ದಿನ ಕರೆಸಿಕೊಳ್ಳಿ. ವಿಚಾರಣೆಗೆಂದು ಕರೆಸಿದಂತಿರಬಾರದು.

ಉತ್ತರ: ಸುಬೇದಾರರ_ಮಗಳು

ನನಗೆ ಈಗ ಇಪ್ಪತ್ತಮೂರು. ನಮ್ಮದು ಮಡಿಕೇರಿ ಕಡೆ. ತಂದೆ ಸೈನ್ಯದಲ್ಲಿದ್ದರು, ನನ್ನ ಹೈಸ್ಕೂಲು ಕಳೆದದ್ದೆಲ್ಲ ಅವರ ಫೋನ್ ಕರೆಗಳಲ್ಲೇ. ಪ್ರಶ್ನೆ ಕೇಳಿದ ಅಂಕಲ್‌ಗೆ ಮಗಳ ಕಡೆಯಿಂದ ಒಂದಿಷ್ಟು ಹೇಳಬಹುದೆಂದು ಬರೆಯುತ್ತಿದ್ದೇನೆ.

ಅಪ್ಪನ ಕರೆ ಸದಾ ಒಂದೇ ಥರ ಇರುತ್ತಿತ್ತು: “ಊಟ ಆಯ್ತಾ? ಓದ್ತಾ ಇದ್ದೀಯಾ? ಸರಿ, ಅಮ್ಮನಿಗೆ ಕೊಡು.” ಅವರು ಪ್ರೀತಿಯಿಂದಲೇ ಕೇಳುತ್ತಿದ್ದರು ಎಂಬುದು ಈಗ ಗೊತ್ತು, ಆಗ ಅದು ಹಾಜರಿ ಹಾಕಿದ ಹಾಗೆ ಕೇಳಿಸುತ್ತಿತ್ತು. ಮೂರು ಪ್ರಶ್ನೆಗೆ ಮೂರು “ಹ್ಞೂಂ” ಹೇಳಿ ಫೋನ್ ದಾಟಿಸುತ್ತಿದ್ದೆ. ಅದು ಬದಲಾದದ್ದು ಅವರು ಪ್ರಶ್ನೆ ಕೇಳುವುದನ್ನು ಬಿಟ್ಟು ತಮ್ಮ ದಿನದ ಬಗ್ಗೆ ಹೇಳತೊಡಗಿದ ಮೇಲೆ. ಮೆಸ್ಸಿನ ಅಡುಗೆಯವರು ಸಾಂಬಾರಿಗೆ ಸಕ್ಕರೆ ಹಾಕಿದ್ದು, ರಜೆ ಮಂಜೂರಾಗದೆ ತಮಗೆ ಬೇಸರವಾಗಿದ್ದು, ಹಿರಿಯ ಅಧಿಕಾರಿ ಎಲ್ಲರೆದುರು ಗದರಿದ್ದು, ಇವೆಲ್ಲ ಅವರಿಂದಲೇ ಗೊತ್ತಾಗುತ್ತಿತ್ತು. ಅಪ್ಪನಿಗೂ ಅವಮಾನವಾಗುತ್ತದೆ, ಅದನ್ನು ಅವರು ಬಾಯಿಬಿಟ್ಟು ಹೇಳುತ್ತಾರೆ ಎಂದು ತಿಳಿದ ಮೇಲೆ ನನ್ನ ಶಾಲೆಯ ಅವಮಾನವನ್ನು ಅವರಿಗೆ ಹೇಳುವುದು ಕಷ್ಟವಾಗಲಿಲ್ಲ. ಹೇಳಿದಾಗ ಅವರು ಉಪಾಯ ಹೇಳಲಿಲ್ಲ, ಹೆಡ್‌ಮಾಸ್ಟರರಿಗೆ ಫೋನ್ ಮಾಡುತ್ತೇನೆಂದು ಎಗರಾಡಲೂ ಇಲ್ಲ, “ಆಮೇಲೆ?” ಎಂದು ಕೇಳಿದರು, ಅಷ್ಟೇ.

ಎದುರೆದುರು ಕೂತು “ಏನಾಯಿತು ಹೇಳು” ಎಂದರೆ ಈ ವಯಸ್ಸಿನಲ್ಲಿ ಯಾರಿಗೂ ಬಾಯಿ ಬರುವುದಿಲ್ಲ ಅಂಕಲ್. ರಜೆಯಲ್ಲಿ ಅಪ್ಪ ಜೀಪು ತೊಳೆಯುವಾಗ ನಾನು ಪೈಪು ಹಿಡಿಯುತ್ತಿದ್ದೆ, ಆಗ ಬಂದಷ್ಟು ಮಾತು ಊಟದ ಮೇಜಿನ ಮುಂದೆ ಬರಲಿಲ್ಲ. ಮುಖ ನೋಡಬೇಕಾದ ಅಗತ್ಯ ಇರುವುದಿಲ್ಲವಲ್ಲ. ನೀವು ಬರುವ ಶನಿವಾರ ಅವಳನ್ನು ಟ್ಯೂಷನ್ನಿಗೆ ಬಿಡುವ ಕೆಲಸ ನಿಮ್ಮದಾಗಲಿ. ಗಾಡಿಯಲ್ಲಿ ಮಾತನಾಡದಿದ್ದರೂ ಚಿಂತೆಯಿಲ್ಲ.

ಎಪ್ಪತ್ತು ದಾಟಿದ ಅಜ್ಜನವರಿಗೂ ಒಂದು ಮಾತು: ನಾನು ಪಿಯುಸಿಯಲ್ಲಿ ಆಪ್ತಸಮಾಲೋಚಕಿಯ ಬಳಿ ಹೋಗಿದ್ದೆ. ನೀವು ಹೇಳಿದ ಸೋದರಮಾವನ ಕೆಲಸವನ್ನೇ ಅವರು ಮಾಡಿದರು, ಬೈಗುಳ ತಿನ್ನುವುದೊಂದನ್ನು ಬಿಟ್ಟು.

ಪ್ರತಿಕ್ರಿಯೆ: ಎರಡನೇ_ಶನಿವಾರ

ಎಲ್ಲರ ಉತ್ತರಗಳನ್ನು ಹೆಂಡತಿಗೆ ಕಳುಹಿಸಿದೆ. ಓದಿ ಬಹಳ ಹೊತ್ತಿನ ಮೇಲೆ ಫೋನ್ ಮಾಡಿದಳು. ತರಗತಿ ಶಿಕ್ಷಕಿಯೊಡನೆ ನಾನೇ ಮಾತನಾಡಿದೆ. ಶಿರಸಿ ಮೇಡಂ ಊಹಿಸಿದ್ದಕ್ಕೆ ಬಹಳ ಹತ್ತಿರದ ಸಂಗತಿಯೊಂದು ನಡೆದಿದೆ, ಅದನ್ನು ಇಲ್ಲಿ ಬರೆಯುವುದು ಮಗಳಿಗೆ ನ್ಯಾಯವಾಗದು. 14416ಕ್ಕೂ ಕರೆ ಮಾಡಿದೆ, ಅಲ್ಲಿದ್ದವರು ವೈದ್ಯರಿಗೆ ತೋರಿಸುವುದೇ ಒಳ್ಳೆಯದೆಂದರು. ಹೆಂಡತಿ ನೇರವಾಗಿ ಕೇಳಿದ ಪ್ರಶ್ನೆಗೆ ಮಗಳು “ಹಾಗೇನೂ ಇಲ್ಲ, ಆದರೆ ಯಾವುದರಲ್ಲೂ ಮನಸ್ಸಿಲ್ಲ” ಎಂದಳಂತೆ.

ಈಗ ಉಳಿದಿರುವ ಆತಂಕ ಹೆಂಡತಿಯದು. ಮನೋವೈದ್ಯರ ಬಳಿ ಹೋದರೆ ಊರಿನಲ್ಲಿ ಸುದ್ದಿಯಾಗುತ್ತದೆ, ಮುಂದೆ ಸಂಬಂಧ ನೋಡುವಾಗ ಅಡ್ಡಿಯಾಗುತ್ತದೆ, ಹೋದ ಕೂಡಲೇ ಮಾತ್ರೆ ಕೊಟ್ಟು ಜೀವನಪರ್ಯಂತ ನುಂಗಿಸುತ್ತಾರೆ ಎಂಬ ಭಯ ಅವಳಿಗೆ. ಅಲ್ಲದೆ ವೈದ್ಯರು ಮಗಳೊಬ್ಬಳನ್ನೇ ಒಳಗೆ ಕೂರಿಸಿಕೊಂಡು ಮಾತನಾಡುತ್ತಾರೆಂದು ಕೇಳಿದ್ದೇವೆ. ಅದು ಸರಿಯೇ? ನಾವು ಹೊರಗಿರಬೇಕೇ?

ಉತ್ತರ: ಧಾರವಾಡದ_ಸಮಾಜಕಾರ್ಯಕರ್ತೆ

ಸರಿಯೇ. ಹದಿಹರೆಯದವರನ್ನು ನೋಡುವ ವೈದ್ಯರು ಮೊದಲು ನಿಮ್ಮೆಲ್ಲರೊಡನೆ, ಆಮೇಲೆ ಮಗಳೊಬ್ಬಳೊಡನೆ ಮಾತನಾಡುತ್ತಾರೆ. ಮನೆ, ಶಾಲೆ, ಗೆಳೆಯರು, ನಿದ್ರೆ, ಜೀವದ ಮೇಲಿನ ಬೇಸರ ಎಲ್ಲವನ್ನೂ ಕೇಳುತ್ತಾರೆ. ಅವಳ ಜೀವಕ್ಕೆ ಅಪಾಯವಿರುವ ಸಂಗತಿಯಿದ್ದರೆ ನಿಮಗೆ ತಿಳಿಸಿಯೇ ತಿಳಿಸುತ್ತಾರೆ. ಉಳಿದುದನ್ನು ಹೇಳುವುದು ಬಿಡುವುದು ಅವಳಿಗೆ ಬಿಟ್ಟದ್ದು; ಹೊರಬಂದ ಕೂಡಲೇ “ಒಳಗೆ ಏನು ಕೇಳಿದರು?” ಎಂದು ವಿಚಾರಿಸಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ವಿವರಗಳ ಗೋಪ್ಯತೆಯನ್ನು ರೋಗಿಯ ಹಕ್ಕೆಂದೇ ಹೇಳುತ್ತದೆ, ಆಸ್ಪತ್ರೆಯವರು ಅದನ್ನು ಮೂರನೆಯವರಿಗೆ ಹೇಳುವಂತಿಲ್ಲ. ಸೌಮ್ಯ ಸ್ವರೂಪದ ತೊಂದರೆಯಾದರೆ ಸಾಮಾನ್ಯವಾಗಿ ಮಾತಿನ ಚಿಕಿತ್ಸೆಯಿಂದಲೇ ಆರಂಭಿಸುತ್ತಾರೆ. ಮಾತ್ರೆ ಬೇಕಾದರೂ ಅದಕ್ಕೆ ಅವಧಿಯಿರುತ್ತದೆ. ಏಕಾಏಕಿ ನಿಲ್ಲಿಸಬಾರದು, ಅಷ್ಟೆ.

ದಾವಣಗೆರೆಯ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಇದನ್ನು ಓದುತ್ತಿರುವ ತಾಲ್ಲೂಕಿನವರಿಗೂ ತಿಳಿದಿರಲಿ: ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರು ಬರುವ ಏರ್ಪಾಡಿದೆ, ಹೋಗುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ ವಿಚಾರಿಸಿಕೊಳ್ಳುವುದು ಒಳ್ಳೆಯದು.

ದೂರದಲ್ಲಿರುವ ತಂದೆಯಿಂದ ಏನಾದೀತು ಎಂದು ಮೊದಲೇ ಕೇಳಿದ್ದಿರಿ. 1980ರ ದಶಕದಲ್ಲಿ ಮೈಕೆಲ್ ಲ್ಯಾಂಬ್, ಜೋಸೆಫ್ ಪ್ಲೆಕ್ ಮತ್ತು ಅವರ ಸಂಗಡಿಗ ಸಂಶೋಧಕರು ತಂದೆಯ ಪಾತ್ರವನ್ನು ಮೂರು ಭಾಗವಾಗಿ ನೋಡಿದರು: ಮಗುವಿನೊಡನೆ ನೇರ ಒಡನಾಟ, ಕೂಗಿದರೆ ಸಿಗುವಂತಿರುವುದು, ಮತ್ತು ಹೊಣೆ. ಹೊಣೆಯೆಂದರೆ ಫೀಸು ಕಟ್ಟುವುದಲ್ಲ. ಯಾವ ದಿನ ಯಾವ ವೈದ್ಯರ ಬಳಿ ಹೋಗಬೇಕು, ಗೆಳತಿಯ ಹೆಸರೇನು, ಮಾತ್ರೆ ಮುಗಿಯುವುದು ಯಾವಾಗ ಎಂಬುದನ್ನು ತಲೆಯಲ್ಲಿಟ್ಟುಕೊಳ್ಳುವ ಕೆಲಸ. ಬಹುತೇಕ ಮನೆಗಳಲ್ಲಿ ಅದು ಪೂರ್ತಿ ತಾಯಿಯ ಮೇಲೆ ಬಿದ್ದಿರುತ್ತದೆ. ಮೊದಲ ಎರಡಕ್ಕೆ ಊರು ಅಡ್ಡ ಬರುತ್ತದೆ, ಮೂರನೆಯದಕ್ಕೆ ಬರುವುದಿಲ್ಲ. ಶಿಕ್ಷಕಿಗೆ ನೀವೇ ಫೋನ್ ಮಾಡಿದಿರಲ್ಲ, ಅದು ಈ ಮೂರನೆಯದೇ. ಇನ್ನು ರಕ್ತಪರೀಕ್ಷೆಯ ದಿನವನ್ನೂ ವೈದ್ಯರ ಸಮಯವನ್ನೂ ಕಲಬುರಗಿಯಿಂದ ನೀವೇ ಗೊತ್ತುಮಾಡಿರಿ. ಸಾಧ್ಯವಾದರೆ ಮೊದಲ ಭೇಟಿಗೆ ಒಂದು ದಿನ ರಜೆ ಹಾಕಿ ನೀವೂ ಹೋಗಿರಿ. ಹೋಗುವ ಮೊದಲು ಅವಳ ನಿದ್ರೆ, ಊಟ, ಶಾಲೆಗೆ ಹೋಗದ ದಿನಗಳು, ಮನೆತನದಲ್ಲಿ ಯಾರಿಗಾದರೂ ಖಿನ್ನತೆ ಅಥವಾ ಥೈರಾಯ್ಡ್ ಇದ್ದುದು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಅದನ್ನು ಮಗಳಿಗೂ ತೋರಿಸಿ, ತಪ್ಪಿದ್ದರೆ ತಿದ್ದಲು ಹೇಳಿರಿ.